ಡಾಕ್ಟ್ರೇ, ಓಆರ್‌ಎಸ್ ಬರೆದುಕೊಡಿ

ಭೇದಿಯಾದ ಮಗುವಿಗೆ ಓಆರ್‌ಎಸ್, ಅಂದರೆ ನೀರಲ್ಲಿ ಕದಡಿ ಕುಡಿಸುವ ಸಕ್ಕರೆ-ಉಪ್ಪಿನ ಪುಡಿ, ಯಾಕೆ ಬರೆದುಕೊಡಲ್ಲ? ಇದರ ಬಗ್ಗೆ ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ನಡೆದ ಒಂದು ಅಧ್ಯಯನ 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ನಮ್ಮ ರಾಜ್ಯದ್ದೇ ವಿಷಯ. ಆದರೂ ನಮ್ಮಲ್ಲಿ ಇದರ ಬಗ್ಗೆ ಮಾತಾಡಿದವರು ಕಡಿಮೆ.

ಸಂಶೋಧಕರು ತರಬೇತಿ ಕೊಟ್ಟ ನಟರನ್ನು ಚಿಕಿತ್ಸೆ ಕೊಡುವ ಎರಡು ಸಾವಿರಕ್ಕೂ ಹೆಚ್ಚು ಜನರ ಹತ್ತಿರ ಕಳಿಸಿದರು. ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ, ಏನು ಕೊಡಲಿ ಅಂತ ಇವರು ಕೇಳಬೇಕು. ಓಆರ್‌ಎಸ್ ಕೊಡಬೇಕು ಅನ್ನೋದು ಹೆಚ್ಚಿನವರಿಗೆ ಗೊತ್ತು. ಆದರೂ ಯಾಕೆ ಬರೆಯಲ್ಲ? ಸ್ಟಾಕ್ ಇಲ್ಲ ಅನ್ನೋ ಕಾರಣದ ಪಾಲು ಬರೀ ಶೇ. 6. ಲಾಭ ಕಡಿಮೆ ಅನ್ನೋದರ ಪಾಲು ಶೇ. 5. ಶೇ. 42ರಷ್ಟು ಪಾಲು ಯಾವುದು ಗೊತ್ತಾ? 'ಜನಕ್ಕೆ ಇದು ಬೇಕಿಲ್ಲ' ಅನ್ನೋ ಅವರ ನಂಬಿಕೆ!

ಡಾಕ್ಟರನ್ನು ಬೈಯೋಕೆ ಮನಸ್ಸು ಬರುತ್ತದೆ. ಆದರೆ ಆ ನಂಬಿಕೆ ಹುಟ್ಟಿಸಿದವರು ನಾವೇ ಅಲ್ವಾ? 'ಸುಸ್ತು ಸಾರ್, ಒಂದು ಗ್ಲೂಕೋಸ್ ಹಾಕಿಬಿಡಿ' ಅಂತೀವಿ. ಇಂಜೆಕ್ಷನ್ ಕೊಡದಿದ್ದರೆ 'ಆ ಡಾಕ್ಟ್ರು ಏನೂ ಮಾಡಲಿಲ್ಲ' ಅಂತೀವಿ. ಪುಡಿ ಕದಡಿದ ನೀರು ನಮ್ಮ ಲೆಕ್ಕದಲ್ಲಿ ಔಷಧಿಯೇ ಅಲ್ಲ.

ಆ ನೀರಿನ ಕಥೆ ಕೇಳಿ. ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪು ಜೋಡಿಯಾಗಿ ಒಳಗೆ ಹೋಗುವ ಒಂದು ದಾರಿ ಇದೆ ಅಂತ 1960ರಲ್ಲಿ ವಿಜ್ಞಾನಿ ರಾಬರ್ಟ್ ಕ್ರೇನ್ ಹೇಳಿದರು. ಈ ಜೋಡಿ ಹೋದ ಕಡೆ ನೀರೂ ಹೋಗುತ್ತದೆ. ಕಾಲರಾ ಬಂದರೂ ಈ ದಾರಿ ಮುಚ್ಚಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಾಗ ಅಲ್ಲಿ ಕಾಲರಾ ಹಬ್ಬಿತು. ಡ್ರಿಪ್ಸ್ ಬಾಟಲಿಗಳು ಖಾಲಿ. ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ನೀರಲ್ಲಿ ಕದಡಿ ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗೆ ಬಂತು. ಪದ್ಮವಿಭೂಷಣ ಸಿಕ್ಕಿದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ನಮ್ಮ ದೇಶದ ಅಭ್ಯಾಸ, ಬಿಡಿ.

ಈಗ ಅಂಗಡಿಗೆ ಬನ್ನಿ. ಟೆಟ್ರಾ ಪ್ಯಾಕ್ ಜ್ಯೂಸ್ ಮೇಲೆ 'ಓಆರ್‌ಎಸ್' ಅಂತ ದಪ್ಪಕ್ಷರದಲ್ಲಿ ಬರೆದು ವರ್ಷಗಟ್ಟಲೆ ಮಾರಿದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್. ಈ ಜ್ಯೂಸುಗಳಲ್ಲಿ ಅದರ ಹಲವು ಪಟ್ಟು ಸಕ್ಕರೆ. ಸಕ್ಕರೆ ಜಾಸ್ತಿ ಆದರೆ ಅದು ಕರುಳಿನೊಳಕ್ಕೇ ನೀರೆಳೆದು ಭೇದಿ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಳ ಕಾಲ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಬಾರದು ಅಂದಿತು. ಅಷ್ಟು ವರ್ಷ ಯಾಕೆ ಬೇಕಾಯಿತು ಅನ್ನೋದೇ ನನ್ನ ಸಿಟ್ಟು.

ಮಗು ಕುಡಿಯೋಕೇ ಆಗದಷ್ಟು ಸುಸ್ತಾಗಿದ್ದರೆ, ಮಂಕಾಗಿದ್ದರೆ, ಮಲದಲ್ಲಿ ರಕ್ತ ಬಂದರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ಆಗ ಡ್ರಿಪ್ಸ್ ಬೇಕಾಗಬಹುದು. ಉಳಿದಂತೆ, ಡಾಕ್ಟರ್ ಬರೆಯದಿದ್ದರೆ ನೀವೇ ಬಾಯಿ ಬಿಟ್ಟು ಓಆರ್‌ಎಸ್ ಕೇಳಿ. ಆ ಅಧ್ಯಯನದಲ್ಲೂ ಕೇಳಿದವರಿಗೆ ಬರೆದುಕೊಟ್ಟಿದ್ದು ಜಾಸ್ತಿ. ಜೊತೆಗೆ ಜಿಂಕ್ ಬೇಕಾ ಅಂತಲೂ ವಿಚಾರಿಸಿ.

ಲೀಟರ್ ಪ್ಯಾಕೆಟ್ ಆದರೆ ಪೂರ್ತಿ ಪುಡಿ ಒಂದೇ ಸಲ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕೋದು ಬೇಡ. 24 ಗಂಟೆ ಕಳೆದರೆ ಉಳಿದದ್ದು ಚೆಲ್ಲಿ. 'ಪಾಪ, ಮಗು ಕುಡೀತಿಲ್ಲ' ಅಂತ ಇನ್ನೊಂದು ಚಮಚ ಸಕ್ಕರೆ ಹಾಕೋ ಅಜ್ಜಿ ಮನೆಯಲ್ಲಿದ್ದರೆ, ಸಕ್ಕರೆ ಡಬ್ಬಿ ಅಟ್ಟಕ್ಕೆ ಇಡಿ.