ಆ ಹುಲ್ಲು ಖಾಲಿ ಇರಲಿ ಬಿಡಿ

ವಿರಾಜಪೇಟೆಯ ನಮ್ಮ ಮನೆಯಲ್ಲಿ ಪ್ರತಿ ಡಿಸೆಂಬರ್‌ನಲ್ಲೂ ಇದೇ ಗೋಳು. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟಿದ ದಿನವೇ ಯಾರೋ ಬಾಲಯೇಸುವಿನ ಮೂರ್ತಿಯನ್ನು ತಂದು ಮಲಗಿಸಿಬಿಡುತ್ತಾರೆ. ಫೋಟೋ ಚೆನ್ನಾಗಿ ಬರುತ್ತದಂತೆ! ಯೇಸು ಹುಟ್ಟುವ 24ರ ರಾತ್ರಿವರೆಗೆ ಆ ಜಾಗ ಖಾಲಿ ಇರಬೇಕು ಅಲ್ವಾ? ನಾನು ತೆಗೆದಿಟ್ಟರೆ ಬೆಳಿಗ್ಗೆ ಮತ್ತೆ ಅಲ್ಲೇ. ಮಗುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಮೂರ್ತಿಗಳದ್ದೂ ಅದೇ ಕಥೆ. ಅವರ ಹಬ್ಬ ಜನವರಿ 6ಕ್ಕೆ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಗೋದಲಿ ಮಾಡಿದ್ದೂ ಕ್ರಿಸ್ಮಸ್ ರಾತ್ರಿಗೇ.

ಅಜ್ಜಿ ಇದ್ದಾಗ ಹೀಗಿರಲಿಲ್ಲ. ತೋಟದಿಂದ ಪಾಚಿ, ಸಿಲ್ವರ್ ಓಕ್ ಕೊಂಬೆ ತರಿಸುತ್ತಿದ್ದರು. ಖಾಲಿ ಹುಲ್ಲು ತೋರಿಸಿ, "ಇನ್ನೂ ಬಂದಿಲ್ಲ ಮಗಾ, ಕಾಯಬೇಕು" ಎನ್ನುತ್ತಿದ್ದರು. ನಡುರಾತ್ರಿ ಪೂಜೆ ಮುಗಿಸಿ, ಚಳಿಯಲ್ಲಿ ಓಡಿಬಂದು ಮಗುವನ್ನು ಮಲಗಿಸುವಾಗ ನನ್ನ ಕೈ ನಡುಗುತ್ತಿತ್ತು. ಆ ಖುಷಿ ನಮ್ಮ ಮಕ್ಕಳಿಗೆ ಬೇಡವೇ?

ಈ ಸಲ ಮೂರ್ತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.