ಸದ್ದಿಲ್ಲದ ಸೈಟು ಬೇಕಾಗಿದೆ

ತುಮಕೂರಿನಲ್ಲಿ ನಾನು ಮೂರು ಸಲ ಮನೆ ಬದಲಿಸಿದ್ದೇನೆ. ಮೂರು ಸಲವೂ ಕಾರಣ ಒಂದೇ, ಸದ್ದು. ಬಿ.ಎಚ್. ರಸ್ತೆ ಪಕ್ಕದಲ್ಲಿದ್ದಾಗ ಲಾರಿ ಹಾರನ್ನಿಗೆ ಅಡುಗೆಮನೆ ಲೋಟಗಳು ತಾಳ ಹಾಕುತ್ತಿದ್ದವು. ಕೊನೆಗೆ ಊರಾಚೆ ಹೊಸ ಬಡಾವಣೆ ಹಿಡಿದೆ. "ಸಾರ್, ಇಲ್ಲಿ ನವಿಲು ಕೂಗೋದು ಬಿಟ್ರೆ ಬೇರೆ ಸದ್ದೇ ಇಲ್ಲ" ಅಂದಿದ್ದ ಬ್ರೋಕರ್. ಪಾಪ, ಸುಳ್ಳು ಹೇಳಿರಲಿಲ್ಲ. ಎರಡು ವರ್ಷಕ್ಕೆ ಪಕ್ಕದ ಖಾಲಿ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿತು. ನವಿಲು ಮನೆ ಬದಲಿಸಿತು.

ಶಬ್ದ ಮಾಲಿನ್ಯದ ನಿಯಮ 2000ನೇ ಇಸವಿಯಲ್ಲೇ ಬಂದಿದೆ. ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45. ನಮ್ಮನೆ ಹಳೇ ಫ್ರಿಜ್ಜು ಒಂದೇ ಸಾಕು, ಅಷ್ಟು ಗುರುಗುಟ್ಟೋಕೆ. ಇದನ್ನು ಒಮ್ಮೆ ಬ್ಯಾಂಡ್‌ಸೆಟ್‌ನವರಿಗೆ ವಿವರಿಸಲು ಹೋದೆ. "ಹೌದಾ ಸಾರ್?" ಅಂದದ್ದು ಕೇಳಿಸಿತು. ಮುಂದಿನದು ಡ್ರಮ್ಮಿನಲ್ಲಿ ಹೋಯಿತು.

ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಅಕ್ಕನ ಮಗ ಒಂದು ಭಾನುವಾರ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದ. ನನ್ನ ಗೋಳು ಕೇಳಿ ಲ್ಯಾಪ್‌ಟಾಪ್ ತೆರೆದ. "ಮಾವ, ನಿಮಗೆ ಬೇಕಾಗಿರೋದು ಈ ಜಿಲ್ಲೆಯಲ್ಲಿ ಸಿಗಲ್ಲ. ಇದರೊಳಗೆ ಸೈಟ್ ತಗೊಳ್ಳಿ."

ಸೆಕೆಂಡ್ ಲೈಫ್ ಅಂತ 2003ರಿಂದ ನಡೆಯುತ್ತಿರುವ ಲೋಕ ಅದು. ಅಲ್ಲಿ ನಮ್ಮ ಬದಲು ನಮ್ಮ ಗೊಂಬೆ ಓಡಾಡುತ್ತದೆ. ತಲೆಗೂದಲು ಕೇಳಿದಷ್ಟು ಕೊಡುತ್ತಾರೆ. ಜಾಗ ಮಾತ್ರ ಅಳತೆ ಪ್ರಕಾರ. ಒಂದು ರೀಜನ್ ಅಂದರೆ 256 ಮೀಟರ್ ಉದ್ದ, 256 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ 16 ಎಕರೆ ಚಿಲ್ಲರೆ. ಅದನ್ನು ತುಂಡು ಮಾಡಿ ಮಾರುತ್ತಾರೆ. ಆಮೇಲೆ ತಿಂಗಳಾ ತಿಂಗಳಾ ಕಂದಾಯ, ಅದೂ ಡಾಲರಿನಲ್ಲಿ.

ಇಲ್ಲೇ ನನಗೆ ತಲೆ ಕೆಟ್ಟಿದ್ದು. ಕಂಪ್ಯೂಟರ್ ಒಳಗೆ ಮಣ್ಣಿಲ್ಲ, ಸರ್ವೆ ಕಲ್ಲಿಲ್ಲ, ಅಣ್ಣತಮ್ಮಂದಿರ ಭಾಗದ ಕೇಸಿಲ್ಲ. ಬೇಕಾದಷ್ಟು ಭೂಮಿ ಹುಟ್ಟಿಸಬಹುದು. ಹುಟ್ಟಿಸುವುದಿಲ್ಲ! ಡಿಸೆಂಟ್ರಾಲ್ಯಾಂಡ್ ಎಂಬ ಇನ್ನೊಂದು ಲೋಕದಲ್ಲಿ ಇಷ್ಟೇ ಅಂತ ಮೊದಲೇ ಗೆರೆ ಎಳೆದರು. 16 ಮೀಟರ್ ಚೌಕದ 90,601 ತುಂಡು. ಕಮ್ಮಿ ಇದೆ ಅಂದರೆ ಸಾಕಲ್ಲ, ಜನ ಮುಗಿಬಿದ್ದರು. 2021ರ ನವೆಂಬರಿನಲ್ಲಿ ಅಲ್ಲಿ ಒಂದು ಜಾಗ ಸುಮಾರು 24 ಲಕ್ಷ ಡಾಲರಿಗೆ ಹೋಯಿತು. ಅದರ ಮುಂದಿನ ತಿಂಗಳೇ ಸ್ಯಾಂಡ್‌ಬಾಕ್ಸ್ ಎಂಬ ಮತ್ತೊಂದು ಲೋಕದಲ್ಲಿ, ಅಮೆರಿಕದ ರ‍್ಯಾಪ್ ಹಾಡುಗಾರ ಸ್ನೂಪ್ ಡಾಗ್ ಪಕ್ಕದ ಸೈಟಿಗೆ ಒಬ್ಬರು ನಾಲ್ಕೂವರೆ ಲಕ್ಷ ಡಾಲರ್ ಕೊಟ್ಟರು. ಆಗಿನ ರೂಪಾಯಿಯಲ್ಲಿ ಮೂರು ಕೋಟಿಗೂ ಜಾಸ್ತಿ. ಹಾಡುವವನ ಪಕ್ಕ ಇರೋಕೆ ಅಷ್ಟು ದುಡ್ಡು! ನಾನು ಕಲ್ಯಾಣ ಮಂಟಪದ ಪಕ್ಕದಲ್ಲಿ ಬಿಟ್ಟಿಯಾಗಿ ಇದ್ದೇನೆ. ಆರ್ಕೆಸ್ಟ್ರಾ ಬೇರೆ.

ಇರಲಿ, ಸೆಕೆಂಡ್ ಲೈಫಿನಲ್ಲೇ ಸೈಟು ನೋಡಲು ಹೊರಟೆವು. ನನ್ನವಳೂ ಕುರ್ಚಿ ಎಳೆದುಕೊಂಡು ಕೂತಳು. ಅವಳ ಮೊದಲ ಪ್ರಶ್ನೆ, "ರೀ, ಅಲ್ಲಿಗೆ ಹೇಮಾವತಿ ನೀರು ಬರುತ್ತಾ?"

"ಸುತ್ತಾ ಸಮುದ್ರನೇ ಇದೆ ಅತ್ತೆ."

"ಕುಡಿಯೋಕೆ?"

ಮೊದಲ ಸೈಟು ಹುಲ್ಲು, ಮರ, ಪಕ್ಕದಲ್ಲಿ ದಾರಿ, ಎಲ್ಲ ಚೆನ್ನಾಗಿತ್ತು. ಪಕ್ಕಕ್ಕೆ ತಿರುಗಿದರೆ ಗಿರಗಿರ ತಿರುಗುವ ಜಾಹೀರಾತು ಫಲಕ. ಅಲ್ಲಿ 16 ಚದರ ಮೀಟರಿನ ತುಂಡನ್ನೂ ಕೊಳ್ಳಬಹುದಂತೆ. ನಾಲ್ಕು ಮೀಟರ್ ಉದ್ದ, ನಾಲ್ಕು ಅಗಲ. ನಮ್ಮ ದೇವರಮನೆಗಿಂತ ಸ್ವಲ್ಪ ದೊಡ್ಡದು. ಕೆಲವರು ಒಳ್ಳೆ ಒಳ್ಳೆ ಜಾಗದ ನಡುವೆ ಇಂಥ ತುಂಡು ಹಿಡಿದು, ಕಣ್ಣು ಕುಕ್ಕುವ ಫಲಕ ನೆಟ್ಟು ಕೂರುತ್ತಿದ್ದರಂತೆ. ಪಕ್ಕದವನು ತಾಳಲಾರದೆ ಹತ್ತರಷ್ಟು ಬೆಲೆ ಕೊಟ್ಟು ಕೊಳ್ಳಲಿ ಅಂತ. ನನಗೆ ಆಶ್ಚರ್ಯ ಆಗಲಿಲ್ಲ. ಬಡಾವಣೆ ರಸ್ತೆಗೆ ಅಡ್ಡವಾಗಿ ಒಂದೂವರೆ ಗುಂಟೆ ಇಟ್ಟುಕೊಂಡು ಬೇಲಿ ಹಾಕಿದವರನ್ನು ನಾನೂ ಕಂಡಿದ್ದೇನೆ. ಅವರದಾದರೂ ತಿರುಗುತ್ತಿರಲಿಲ್ಲ.

ಎರಡನೆಯ ಸೈಟು ನೀರಿನ ದಡದಲ್ಲಿತ್ತು, ಬೆಲೆ ಜಾಸ್ತಿ. "ಮುಂದಿರೋ ನೀರು ಈ ಲೋಕ ನಡೆಸೋ ಕಂಪನಿದೇ ಮಾವ. ಅಲ್ಲಿ ಯಾರೂ ಮನೆ ಕಟ್ಟೋ ಹಂಗಿಲ್ಲ" ಅಂದ. ನನಗೆ ನಗು ಬಂತು. ಕೆರೆಯೊಳಗೇ ಸೈಟು ಮಾಡುವ ಊರಿನವನಿಗೆ ಈ ಮಾತು! ಆದರೆ ಅಲ್ಲಿ ಗೊಂಬೆಯ ಕಾಲೇ ಏಳಲಿಲ್ಲ. ಕೆಸರಿನಲ್ಲಿ ಸಿಕ್ಕ ಎಮ್ಮೆಯ ಹಾಗೆ ಒದ್ದಾಡಿತು. ಅದೇ ರೀಜನ್ನಿನ ಇನ್ನೊಂದು ಮೂಲೆಯಲ್ಲಿ ಡ್ಯಾನ್ಸ್ ಕ್ಲಬ್ಬು ಇದೆಯಂತೆ. ಇಡೀ ರೀಜನ್ನಿಗೆ ಯಂತ್ರದ ಶಕ್ತಿ ಒಂದೇ ಪಾಲು. ಅವರು ಐವತ್ತು ಜನ ಕುಣಿದರೆ ನಾವು ನಮ್ಮ ಅಂಗಳದಲ್ಲಿ ನಡೆಯುವಂತಿಲ್ಲ. ಒಂದು ತಮಾಷೆ ಏನೆಂದರೆ, ಆ ಕ್ಲಬ್ಬಿನ ಹಾಡು ನಮಗೆ ಕೇಳಿಸಲಿಲ್ಲ. ಅಲ್ಲಿ ಹಾಡು ಹಾಕಿದವನ ಗಡಿಗೆ ಬಂದು ನಿಂತುಬಿಡುತ್ತದೆ. ಗಡಿಯಿಂದ ಒಂದು ಹೆಜ್ಜೆ ಈಚೆ ಬಂದರೆ ಚಕಾರವಿಲ್ಲ. ಇಂಥದ್ದೊಂದು ಕಾಂಪೌಂಡು ಕಟ್ಟುವ ಗಾರೆಯವನು ತುಮಕೂರಿನಲ್ಲಿ ಸಿಕ್ಕಿದ್ದರೆ ನನಗೆ ಎರಡನೇ ಜನ್ಮದ ಚಿಂತೆಯೇ ಇರುತ್ತಿರಲಿಲ್ಲ.

ಮೂರನೆಯ ಕಡೆ ನಾಲ್ಕೂ ದಿಕ್ಕಿಗೆ ಕೆಂಪು ಗೆರೆ, 'ಪ್ರವೇಶವಿಲ್ಲ' ಅಂತ. ಒಳಗೆ ಒಂದು ಸೋಫಾ. ಯಾರೂ ಇಲ್ಲ.

"ಬೇಡ ಅಂದ್ರೆ ಆಕಾಶದಲ್ಲಿ ಮನೆ ಕಟ್ಟಿ ಮಾವ. 4,096 ಮೀಟರ್ ತನಕ ಬಿಡ್ತಾರೆ." ಮೂರು ದೇವರಾಯನದುರ್ಗ ಒಂದರ ಮೇಲೊಂದು ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ನನ್ನವಳು ಒಪ್ಪಲಿಲ್ಲ. ಮನೆ ಮುಂದೆ ರಂಗೋಲಿ ಹಾಕೋಕೆ ನೆಲ ಬೇಕಂತೆ.

ಕೊನೆಗೆ ಯಾರೋ ಬಿಟ್ಟುಹೋದ ಜಾಗಗಳ ನಡುವೆ ಒಂದು ಸೈಟು ಸಿಕ್ಕಿತು. ಎಡಕ್ಕೆ ಖಾಲಿ, ಹಿಂದೆ ಖಾಲಿ, ಬಲಕ್ಕೆ ಮಾತ್ರ ಒಂದು ಪುಟ್ಟ ಮನೆ. ಬ್ರೋಕರುಗಳು ಅಭಿವೃದ್ಧಿ ಆಗಿಲ್ಲ ಅಂತ ಬೈಯುವಂಥ ಜಾಗ. ಅದಕ್ಕೇ ತಗೊಂಡೆ. ಹೆಂಚಿನ ಮನೆ, ಜಗುಲಿ, ತುಳಸಿಕಟ್ಟೆ. ಬಾಗಿಲು ಪೂರ್ವಕ್ಕೆ. ಅಲ್ಲಿ ಒಂದು ದಿನ ಅಂದರೆ ನಮ್ಮ ನಾಲ್ಕು ಗಂಟೆ. ಮೂರು ಗಂಟೆ ಹಗಲು, ಒಂದು ಗಂಟೆ ರಾತ್ರಿ. ನಮ್ಮ ಒಂದು ದಿನದಲ್ಲಿ ಅಲ್ಲಿ ಆರು ಸಲ ಸೂರ್ಯ ಹುಟ್ಟುತ್ತಾನೆ. ನನ್ನವಳಿಗೆ ಇದು ಬಹಳ ಹಿಡಿಸಿತು.

ಮೂರು ವಾರ ಸ್ವರ್ಗ. ಮಂಟಪದಲ್ಲಿ ಡ್ರಮ್ಮು ಶುರುವಾದರೆ ನಾನು ಹೆಡ್‌ಫೋನ್ ಹಾಕಿಕೊಂಡು ಅಲ್ಲಿನ ಜಗುಲಿ ಮೇಲೆ ಕೂರುತ್ತಿದ್ದೆ. ನಾಲ್ಕನೆಯ ವಾರ ಬಲಗಡೆ ಮನೆಯವರಿಂದ ಇಂಗ್ಲಿಷಿನಲ್ಲಿ ಒಂದು ಚೀಟಿ ಬಂತು. ತಾವು ನೆಮ್ಮದಿ ಹುಡುಕಿಕೊಂಡು ಇಲ್ಲಿಗೆ ಬಂದವರು, ದಯವಿಟ್ಟು ಆ ಸದ್ದು ನಿಲ್ಲಿಸಿ ಅಂತ.

ನಮ್ಮ ಮನೆಯಲ್ಲೆಂಥ ಸದ್ದು? ಅಕ್ಕನ ಮಗ ಹುಡುಕಿ ಹೇಳಿದ. ನನ್ನವಳು ಅವನ ಕೈಲಿ ದೇವರಮನೆಗೆ ಶಂಖ, ಜಾಗಟೆ, ಗಂಟೆ ಹಾಕಿಸಿದ್ದಳು. ಸೂರ್ಯ ಹುಟ್ಟಿದಾಗೆಲ್ಲ ತಾನಾಗೇ ಮೊಳಗುವ ಹಾಗೆ. ನಾವು ಇರಲಿ ಬಿಡಲಿ, ದಿನಕ್ಕೆ ಆರು ಸಲ. ಹಾಡಿನ ಹಾಗಲ್ಲ, ಸಾಮಾನುಗಳ ಸದ್ದು ಗಡಿ ದಾಟುತ್ತದಂತೆ. ಅದನ್ನು ತಡೆಯೋಕೆ ಒಂದು ಚೌಕಕ್ಕೆ ಟಿಕ್ ಹಾಕಿದರೆ ಆಯಿತು.

"ಹಾಕಿಬಿಡ್ಲಾ ಮಾವ? ಆಮೇಲೆ ನಮಗೆ ಮಾತ್ರ ಕೇಳುತ್ತೆ."

"ಸುಮ್ನಿರೋ" ಅಂದೆ. "ನಾಲ್ಕು ಮನೆಗೆ ಕೇಳದ ಗಂಟೆ ಯಾಕೋ ಹೊಡೀಬೇಕು?"