ಅವರು ಹೇಳಿದ ಹೆಸರಿನಿಂದಲೇ ಕರೆಯಿರಿ

ಗ್ರೂಪಿನಲ್ಲಿ ಯಾರಾದರೂ "ನಾನು ಹೆಣ್ಣು, ನನ್ನ ಹೆಸರು ಇದು" ಅಂದರೆ ಅದನ್ನು ಹಾಗೇ ಒಪ್ಪಿಕೊಳ್ಳಿ. ಸಾಕ್ಷಿ ಕೇಳಬೇಡಿ. ಹಳೇ ಫೋಟೋ ಹುಡುಕಿ ತಂದು ಹಾಕಬೇಡಿ. ಇಷ್ಟು ಹೇಳಲಿಕ್ಕೆ ಉದ್ದದ ಪೋಸ್ಟ್ ಯಾಕೆ ಅಂತ ಕೇಳಬಹುದು. ಕಳೆದ ಮಳೆಗಾಲದಲ್ಲಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಡೆದದ್ದನ್ನು ನೋಡಿದ ಮೇಲೆ ಬರೆಯಲೇಬೇಕು ಅನ್ನಿಸಿದೆ.

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆಯ ಅಡಿಕೆ ಬೆಳೆಗಾರರು ಸೇರಿ ಮಾಡಿಕೊಂಡ ಗ್ರೂಪ್ ಅದು. ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ದಿನಾ ಶಿವಮೊಗ್ಗ ಮಾರ್ಕೆಟ್‌ನ ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಒಂದೊಂದು ಬಗೆಯ ರೇಟು ಬರುತ್ತದೆ. ಮಳೆ ಜೋರಾದರೆ ಕೊಳೆ ರೋಗ, ಅದಕ್ಕೆ ಬೋರ್ಡೋ ಔಷಧಿ ಹೊಡೆಯಲಿಕ್ಕೆ ಬಿಸಿಲು ಬಿಡುತ್ತಿಲ್ಲ ಅನ್ನುವ ಮಾತು. ಎಲೆಚುಕ್ಕಿ ರೋಗ ಬಂದ ಮೇಲಂತೂ ಅದೇ ಸುದ್ದಿ ಜಾಸ್ತಿ.

ಅಲ್ಲಿ ಒಬ್ಬರಿದ್ದಾರೆ. ಕಾಳುಮೆಣಸಿನ ಕಸಿ ವಿಷಯದಲ್ಲಿ ನಮ್ಮ ಗ್ರೂಪಿನಲ್ಲಿ ಅವರಷ್ಟು ಕೈ ಪಳಗಿದವರು ಬೇರೆ ಯಾರೂ ಇಲ್ಲ. ಸೊರಗು ರೋಗಕ್ಕೆ ಬಳ್ಳಿ ಕಳೆದುಕೊಂಡವರಿಗೆಲ್ಲ ಆ ರೋಗ ತಡೆಯುವ ಬ್ರೆಜಿಲ್ ಹಿಪ್ಪಲಿ ಗಿಡದ ಮೇಲೆ ಕಸಿ ಕಟ್ಟುವುದನ್ನು ವಿಡಿಯೋ ಮಾಡಿ ಕಳಿಸಿದವರು ಅವರೇ. ಹಿಪ್ಪಲಿ ಕಾಂಡವನ್ನು ನಡುವೆ ಸೀಳಬೇಕು, ಪಣಿಯೂರು ತಳಿಯ ಮೆಣಸಿನ ಕುಡಿಯ ಬುಡವನ್ನು ಬೆಣೆ ಹಾಗೆ ಚೂಪು ಮಾಡಿ ಕೂರಿಸಬೇಕು, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಬೇಕು, ತೇವ ಆರದಂತೆ ಮೇಲೊಂದು ಕವರ್ ಹಾಕಬೇಕು. ವಿಡಿಯೋದಲ್ಲಿ ಅವರ ಕೈ ಮಾತ್ರ ಕಾಣುತ್ತದೆ. ಬ್ಲೇಡು ಹಿಡಿದ ಬೆರಳು ಒಂದಿಷ್ಟೂ ಅಲುಗುವುದಿಲ್ಲ. ಅದನ್ನು ನೋಡಿಕೊಂಡೇ ನಮ್ಮಲ್ಲಿ ಸುಮಾರು ಜನ ಕಸಿ ಕಲಿತರು.

ಅವರು ಟ್ರಾನ್ಸ್ ಮಹಿಳೆ. ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿದ್ದರೂ ತಾನು ಹೆಣ್ಣು ಅಂತ ಗುರುತಿಸಿಕೊಂಡವರು. ಗ್ರೂಪಿಗೆ ಸೇರಿದಾಗಲೇ ತಮ್ಮ ಹೆಸರು ಹೇಳಿದ್ದರು, ಎಲ್ಲರೂ ಆ ಹೆಸರಿನಿಂದಲೇ ಕರೆಯುತ್ತಿದ್ದರು. ಒಂದು ರಾತ್ರಿ ಯಾರೋ ಒಬ್ಬರು ಹೈಸ್ಕೂಲಿನ ಗ್ರೂಪ್ ಫೋಟೋ ಹಾಕಿದರು. ಹಿಂದಿನ ಸಾಲಿನಲ್ಲಿ ನಿಂತ ಹುಡುಗನ ಮುಖಕ್ಕೆ ಕೆಂಪು ಗೆರೆ ಸುತ್ತಿದ್ದರು. ಕೆಳಗೆ ಹಳೇ ಹೆಸರು, ಅಪ್ಪನ ಹೆಸರು, ಊರು. "ಇವನು ಇಂಥವರ ಮಗ, ಎಲ್ಲರಿಗೂ ಗೊತ್ತಿರಲಿ." ಅದರ ಕೆಳಗೆ ನಗುವ ಎಮೋಜಿಗಳ ಸಾಲು. ಆಮೇಲೆ "ಹೆಣ್ಣು ಅನ್ನಲಿಕ್ಕೆ ಪ್ರೂಫ್ ಏನು?" ಅಂತ ಒಬ್ಬರು. ಹಾಗೆ ಕೇಳಿದ ಮನುಷ್ಯ ಮೊನ್ನೆಯಷ್ಟೇ ಇವರಿಂದ ಕಸಿ ಗಿಡ ತರಿಸಿಕೊಂಡಿದ್ದರು.

ಬೆಳಗ್ಗೆ ಹಾಲಿನ ಡೈರಿಯಲ್ಲಿ ಅವರ ಅಪ್ಪನನ್ನು ನಿಲ್ಲಿಸಿ ಕೇಳಿದರಂತೆ. ಸ್ಕ್ರೀನ್‌ಶಾಟ್ ಅಷ್ಟೊತ್ತಿಗೆ ಊರು ಮುಟ್ಟಿತ್ತು.

ಇದೇ ನಮ್ಮ ಮಲೆನಾಡಿನ ಕಷ್ಟ. ಬೆಂಗಳೂರಿನಲ್ಲಿ ಯಾರೋ ಯಾರಿಗೋ ಏನೋ ಅಂದರೆ ಫೋನ್ ಆಫ್ ಮಾಡಿ ಆಚೆ ಹೋಗಬಹುದು. ಇಲ್ಲಿ ಹೊಸಬರು ಸಿಕ್ಕಿದರೆ ನಾವು ಕೇಳುವ ಮೊದಲ ಪ್ರಶ್ನೆಯೇ "ಯಾರ ಮನೆಯವರು?" ಅಂತ. ಮನೆ ಗೊತ್ತಾದರೆ ಅಜ್ಜನ ಕಾಲದ ಜಾತಕ ಬಿಚ್ಚುತ್ತೇವೆ. ಪ್ರೀತಿಯಿಂದಲೇ ಕೇಳುತ್ತೇವೆ, ಇಲ್ಲ ಅನ್ನುವುದಿಲ್ಲ. ಆದರೆ ಗ್ರೂಪಿನಲ್ಲಿ ಹಾಕಿದ ಹಳೇ ಹೆಸರು ಇಲ್ಲಿ ನೇರ ಮನೆ ಬಾಗಿಲಿಗೆ ಹೋಗುತ್ತದೆ. ಅಪ್ಪ ಸೊಸೈಟಿಗೆ ಹೋದಾಗ, ತಂಗಿಗೆ ಗಂಡು ನೋಡಲಿಕ್ಕೆ ಬಂದಾಗ, ತೋಟದ ಕೆಲಸಕ್ಕೆ ಆಳು ಕರೆದಾಗ, ಎಲ್ಲ ಕಡೆ ಅದೇ ಮಾತು. ಅದನ್ನು ತಮಾಷೆ ಅಂತ ಕರೆಯುವವರು ಆ ಮನೆಯಲ್ಲಿ ಒಂದು ದಿನ ಇದ್ದು ನೋಡಲಿ.

ಇನ್ನೊಂದು ಮಾತು. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ. ಎಷ್ಟೋ ಕಡೆ ಗುಡ್ಡದ ತುದಿಗೆ ಹೋದರೆ ಮಾತ್ರ ನೆಟ್‌ವರ್ಕ್. ಅಂಥ ಜಾಗದಲ್ಲಿ, ಮನೆಯವರೂ ಸರಿಯಾಗಿ ಮಾತಾಡಿಸದಿದ್ದಾಗ, ಒಬ್ಬರಿಗೆ ತಮ್ಮ ಹೆಸರಿನಿಂದ ತಮ್ಮನ್ನು ಕರೆಯುವ ಜನ ಸಿಗುವುದು ಫೋನಿನಲ್ಲಿ ಮಾತ್ರ. ಆ ಜಾಗವನ್ನೂ ನಾವು ಕಿತ್ತುಕೊಂಡರೆ ಅವರು ಎಲ್ಲಿಗೆ ಹೋಗಬೇಕು?

ಸಾಕ್ಷಿ ಕೇಳುವವರಿಗೆ ನನ್ನದೊಂದು ಪ್ರಶ್ನೆ. ನಮ್ಮ ಗ್ರೂಪಿಗೆ ಯಾರನ್ನಾದರೂ ಪಹಣಿ ನೋಡಿ ಸೇರಿಸಿಕೊಂಡಿದ್ದೇವಾ? "ನಂದು ಹತ್ತು ಎಕರೆ ತೋಟ" ಅಂದವರಿಗೆ ಆರ್‌ಟಿಸಿ ತೋರಿಸಿ ಅಂದಿದ್ದೇವಾ? ಪ್ರೊಫೈಲಿನಲ್ಲಿ ಅಡ್ವೊಕೇಟ್ ಅಂತ ಬರೆದುಕೊಂಡವರ ಸನ್ನದು ಯಾರು ನೋಡಿದ್ದಾರೆ? ಎಲ್ಲರ ಮಾತನ್ನೂ ನಂಬಿಯೇ ವ್ಯವಹಾರ ಮಾಡುತ್ತೇವೆ, ಅಲ್ವಾ? ಇವರ ವಿಷಯಕ್ಕೆ ಬಂದಾಗ ಮಾತ್ರ ದಾಖಲೆ ಬೇಕು, ಫೋಟೋ ಬೇಕು, ಆಪರೇಷನ್ ಆಗಿದೆಯಾ ಅಂತ ಗೊತ್ತಾಗಬೇಕು. ನಾಲ್ಕು ಜನರ ಎದುರು ಯಾರನ್ನಾದರೂ ಅವರ ಮೈ ಬಗ್ಗೆ ಹೀಗೆ ಕೇಳುವ ಧೈರ್ಯ ನಮಗಿದೆಯಾ?

ಆಪರೇಷನ್ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಉತ್ತರ ಕೊಟ್ಟಿದೆ. ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಹಾಕಿದ ಪ್ರಕರಣದ ತೀರ್ಪು ಅದು. ತಾನು ಗಂಡೋ, ಹೆಣ್ಣೋ, ತೃತೀಯ ಲಿಂಗಿಯೋ ಎಂದು ಹೇಳಿಕೊಳ್ಳುವುದು ಆ ವ್ಯಕ್ತಿಗೇ ಬಿಟ್ಟದ್ದು, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕು ಅನ್ನುವುದು ಕಾನೂನಿಗೆ ವಿರುದ್ಧ ಎಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಹೇಳಿದರು. ಕಾಗದಪತ್ರದ ವಿಷಯ ಇದ್ದರೆ ಅದಕ್ಕೆ ಡಿಸಿ ಕಚೇರಿ ಇದೆ. ಅಡಿಕೆ ಗ್ರೂಪು ಡಿಸಿ ಕಚೇರಿ ಅಲ್ಲ.

"ಹೆಣ್ಣಿನ ಹೆಸರಿಟ್ಟುಕೊಂಡು ದುಡ್ಡು ಹೊಡೆಯುವವರು ಇರುತ್ತಾರಲ್ಲ" ಅಂತ ಹಿರಿಯರೊಬ್ಬರು ಫೋನ್ ಮಾಡಿ ಕೇಳಿದರು. ಇರುತ್ತಾರೆ. ದುಡ್ಡು ಕೇಳಿದರೆ, ಲಿಂಕ್ ಕಳಿಸಿದರೆ, ಹೆಣ್ಣುಮಕ್ಕಳಿಗೆ ಇನ್‌ಬಾಕ್ಸಿನಲ್ಲಿ ಕಿರಿಕಿರಿ ಮಾಡಿದರೆ ಹೊರಗೆ ಹಾಕಿ. ಗಂಡಾದರೂ, ಹೆಣ್ಣಾದರೂ, ಯಾರಾದರೂ ಸರಿ. ಮಹಿಳೆಯರದ್ದೇ ಗ್ರೂಪುಗಳಲ್ಲೂ ಇದೇ ಅಳತೆ ಇಟ್ಟುಕೊಳ್ಳಬಹುದು. ಮಾಡಿದ್ದನ್ನು ನೋಡಿ ತೀರ್ಮಾನ ಮಾಡಿ. ಕಸಿ ಹೇಳಿಕೊಟ್ಟವರು ಯಾರಿಗೆ ಏನು ಮೋಸ ಮಾಡಿದ್ದರು?

ಬೆಂಬಲಿಸಲಿಕ್ಕೆ ಹೋಗಿ ಕೆಲವರು ಯಕ್ಷಗಾನದ ಸ್ತ್ರೀವೇಷದ ಉದಾಹರಣೆ ಕೊಟ್ಟರು. ಅವರ ಮನಸ್ಸು ಒಳ್ಳೆಯದೇ. ಆದರೂ ಆ ಹೋಲಿಕೆ ಬೇಡ. ಸ್ತ್ರೀವೇಷದ ಕಲಾವಿದರು ಬೆಳಗಾದ ಮೇಲೆ ಚೌಕಿಗೆ (ಬಣ್ಣದ ಮನೆಗೆ) ಹೋಗಿ ಬಣ್ಣ ತೆಗೆದು ಮನೆಗೆ ಹೋಗುತ್ತಾರೆ. ಇವರು ಯಾವ ಪಾತ್ರವನ್ನೂ ಮಾಡುತ್ತಿಲ್ಲ. ದಿನಾ ಹೀಗೇ ಇರುವವರು.

ಟ್ರಾನ್ಸ್ ಮಹಿಳೆಯೇ ಆದ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ ಅವರು 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತೆಗೆದುಕೊಳ್ಳುವ ಮುಂಚೆ ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದ ವಿಡಿಯೋ ನಿಮಗೆಲ್ಲ ನೆನಪಿರಬೇಕು. ನಮ್ಮ ಗ್ರೂಪಿಗೂ ಬಂದಿತ್ತು. ಎಲ್ಲರೂ ಕೈ ಮುಗಿದರು, ಕನ್ನಡದ ಹೆಮ್ಮೆ ಅಂದರು. ಸರ್ಕಾರಿ ನೌಕರಿಯಲ್ಲಿ ತೃತೀಯ ಲಿಂಗಿಗಳಿಗೆ ಶೇ. 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು, ಅದೂ 2021ರಲ್ಲೇ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 20 ಸಾವಿರಕ್ಕೂ ಹೆಚ್ಚು ಜನರನ್ನು 'ಇತರೆ' ಅಂತ ಲೆಕ್ಕ ಹಾಕಿದ್ದರು. ಹೇಳಿಕೊಳ್ಳಲಾರದೆ ಸುಮ್ಮನಿದ್ದವರು ಎಷ್ಟೋ. ದಿಲ್ಲಿಯಲ್ಲಿ ಪ್ರಶಸ್ತಿ ಪಡೆದವರಿಗೆ ಕೈ ಮುಗಿಯುವುದು ಸುಲಭ. ಪಕ್ಕದ ಊರಿನವರು ತಮ್ಮ ಹೆಸರು ಹೇಳಿದಾಗ ಅದನ್ನು ಒಪ್ಪಿಕೊಳ್ಳುವುದರಲ್ಲಿ ನಮ್ಮ ನಿಜ ಗೊತ್ತಾಗುತ್ತದೆ.

ಬಾಯಿತಪ್ಪಿ "ಅವನು" ಅಂದುಬಿಟ್ಟರೆ ದೊಡ್ಡ ರಾಮಾಯಣ ಬೇಡ. ತಿದ್ದಿಕೊಂಡು ಮುಂದೆ ಹೋದರೆ ಸಾಕು. ಗೊತ್ತಿಲ್ಲದಿದ್ದರೆ "ಅವರು" ಅನ್ನಿ, ನಮ್ಮ ಕನ್ನಡದಲ್ಲಿ ಅದಕ್ಕೇನು ಬರವಿಲ್ಲ. ಬೇಕಂತಲೇ ಚುಚ್ಚುವವರ ವಿಷಯ ಬೇರೆ. ಅವರಿಗೆ ಸುಮ್ನೆ ನೋಡುತ್ತಾ ಕೂತವರಿಂದಲೇ ಧೈರ್ಯ ಬರುತ್ತದೆ. ಆ ರಾತ್ರಿ ಮೆಸೇಜ್ ಓದಿದವರು ನೂರಾರು ಜನ. ಬೇಡ ಅಂದವರು ಬೆರಳೆಣಿಕೆ.

ಕೊಪ್ಪ ಕಡೆಯ ಹಿರಿಯರೊಬ್ಬರು ಮಾತ್ರ, ವಾದ ಮಾಡದೆ, ಆ ಜಗಳದ ಮಧ್ಯೆಯೇ ವಾಯ್ಸ್ ಮೆಸೇಜ್ ಹಾಕಿದರು. ಹೆಸರು ಹಿಡಿದು ಕರೆದು, "ತಂಗೀ, ನಾ ಕಟ್ಟಿದ ಕಸಿ ಚಿಗುರಿದೆ. ಕವರ್ ಯಾವಾಗ ತೆಗೀಲಿ?" ಅಂದರು. ಹಿಂದೆ ಮಳೆ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಅವರಿಂದ ಉತ್ತರ ಬಂತು. ಒಂದೇ ಸಲ ಪೂರ್ತಿ ತೆಗೆಯಬೇಡಿ, ಮೊದಲು ಒಂದು ಮೂಲೆ ಬಿಚ್ಚಿ ಗಾಳಿ ಆಡಲಿಕ್ಕೆ ಬಿಡಿ ಅಂತ. ಅವರು ಗ್ರೂಪು ಬಿಡದೆ ಉಳಿದದ್ದು ಆ ಹಿರಿಯರಿಂದ.

ಫೋಟೋ ಹಾಕಿದವರನ್ನು ಅವತ್ತೇ ತೆಗೆದೆವು. ವಾಟ್ಸಾಪಿನಲ್ಲಿ ಬೇರೆಯವರ ಮೆಸೇಜನ್ನು ಅಡ್ಮಿನ್‌ಗಳು ಎಲ್ಲರ ಫೋನಿನಿಂದಲೂ ಅಳಿಸಬಹುದು. ಅದು ಎಷ್ಟೋ ಅಡ್ಮಿನ್‌ಗಳಿಗೆ ಗೊತ್ತೇ ಇಲ್ಲ. ಆ ಮೆಸೇಜ್ ಮೇಲೆ ಒತ್ತಿ ಹಿಡಿದರೆ ಆಯ್ಕೆ ಬರುತ್ತದೆ. ತಡಮಾಡಬೇಡಿ, ಸ್ಕ್ರೀನ್‌ಶಾಟ್ ಆಗುವ ಮುಂಚೆ ಅಳಿಸಿ. ಆಮೇಲೆ ಎಲ್ಲ ಅಡ್ಮಿನ್‌ಗಳೂ ಕೂತು ಗ್ರೂಪಿನ ನಿಯಮಕ್ಕೆ ಈ ಮಾತು ಸೇರಿಸಿದೆವು: "ಸದಸ್ಯರು ತಮ್ಮನ್ನು ಹೇಗೆ ಕರೆಯಬೇಕು ಅನ್ನುತ್ತಾರೋ ಹಾಗೇ ಕರೆಯಬೇಕು. ಯಾರದ್ದೇ ಹಳೇ ಹೆಸರು, ಹಳೇ ಫೋಟೋ, ಮನೆಯವರ ವಿವರ ಹಾಕುವಂತಿಲ್ಲ. ಯಾರ ದೇಹದ ಬಗ್ಗೆಯೂ ಪ್ರಶ್ನೆ ಕೇಳುವಂತಿಲ್ಲ."

ಇದನ್ನು ಬರೆಯುವ ಮುಂಚೆ ಅವರ ಒಪ್ಪಿಗೆ ಕೇಳಿದ್ದೇನೆ. ಹೆಸರು, ಊರು ಬೇಡ ಅಂದಿದ್ದಾರೆ. ಕಮೆಂಟಿನಲ್ಲಿ ಯಾರು ಅಂತ ಊಹಿಸಲಿಕ್ಕೆ ಹೋಗಬೇಡಿ, ಅಳಿಸುತ್ತೇನೆ. ನಿಮ್ಮ ಸೊಸೈಟಿ ಗ್ರೂಪು, ಹಳೇ ವಿದ್ಯಾರ್ಥಿಗಳ ಗ್ರೂಪು, ಯಕ್ಷಗಾನದ ಗ್ರೂಪಿಗೆ ಮೇಲಿನ ನಿಯಮ ಬೇಕಿದ್ದರೆ ಹಾಗೇ ಕಾಪಿ ಮಾಡಿಕೊಳ್ಳಿ. ನನ್ನ ಹೆಸರು ಹಾಕುವುದೇನೂ ಬೇಡ.